ಬಂದಾದ ಗಿರಣಿಯ ಸದ್ದು

"ಗಿರಣಿ ಬಂದ್ ಮಾಡ್ರಿ, ಊಟಕ್ಕ ಬರ್ರಿ," ಎಂದು ಒಲೆಯ ಕಡೆ ಮುಖ ಮಾಡಿಕೊಂಡೇ ಕೂಗಿದೆ. ನಮ್ಮ ಯಜಮಾನರು ಆಗಲೇ ಕೈಕಾಲು ತೊಳೆದು ನನ್ನ ಬೆನ್ನ ಹಿಂದೆ ಮಣೆಯ ಮೇಲೆ ಕೂತಿದ್ದರು.

"ಯಾರನ್ನ ಕೂಗಾಕತ್ತೀ? ಬಂದ್ ಮಾಡಿ ಯಾವ ಕಾಲ ಆತು. ಕರೆಂಟೇ ಇಲ್ಲ," ಎಂದರು.

ನಾನು ಸಾರಿನ ಸೌಟು ಹಿಡಿದು ಹಾಗೇ ನಿಂತೆ. ಅವರ ಮಾತು ಕೇಳಿಸಿತು. ಮಾತಿನ ಹಿಂದೆ ಗಿರಣಿಯೂ ಕೇಳಿಸುತ್ತಿತ್ತು. ಹೊರಗೆ ಹೋಗಿ ನೋಡಿದೆ. ಕಲ್ಲು ತಿರುಗಿಸುವ ಪಟ್ಟಾ ಅಲುಗಾಡದೆ ನಿಂತಿತ್ತು, ಹಿಟ್ಟು ಬೀಳುವ ಬಟ್ಟೆಯ ಚೀಲ ಗಾಳಿ ಹೋಗಿ ಜೋತುಬಿದ್ದಿತ್ತು. ಕಲ್ಲಿನ ಮೇಲಿನ ತಗಡಿಗೆ ಕೈ ಇಟ್ಟೆ. ಬಿಸಿ ಕೂಡ ಆರಿತ್ತು. ನನ್ನ ಎಡಗಿವಿಯಲ್ಲಿ ಮಾತ್ರ ಗಿರಣಿ ಓಡುತ್ತಲೇ ಇತ್ತು.

ಅದು ಇವತ್ತಿಗೂ ನಿಂತಿಲ್ಲ.

ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕಾಯಿಲೆ ಬಂತು, ಒಬ್ಬ ಮಹಾನುಭಾವರು ಸಿಕ್ಕರು, ಧ್ಯಾನ ಕಲಿಸಿದರು, ಗುಣವಾಯಿತು ಎನ್ನುವ ಬರಹಗಳನ್ನು ವಾರಪತ್ರಿಕೆಗಳಲ್ಲಿ ಹುಡುಕಿ ಹುಡುಕಿ ಓದಿದವಳು ನಾನು. ಓದಿ ಮುಗಿಸಿ, ಎಲ್ಲರಿಗೂ ಆದದ್ದು ನನಗೊಬ್ಬಳಿಗೆ ಯಾಕೆ ಆಗಲಿಲ್ಲ ಎಂದು ಅತ್ತವಳು. ಹಾಗೆ ಅತ್ತವರು ಇನ್ನೂ ಯಾರಾದರೂ ಇದ್ದರೆ ಅವರ ಪಕ್ಕ ಸ್ವಲ್ಪ ಹೊತ್ತು ಕೂತಂತಾಗಲಿ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಇಲ್ಲ.

ನಮ್ಮದು ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಉಜ್ಜಿನಿಯಿಂದ ಮದುವೆಯಾಗಿ ಬಂದಾಗಿನಿಂದ ಆ ಸದ್ದಿನಲ್ಲೇ ಅಡುಗೆ ಮಾಡಿದೆ, ಬಾಣಂತನ ಕಳೆದೆ, ಮಗಳು ಗೀತಾಳನ್ನು ತಟ್ಟಿ ಮಲಗಿಸಿದೆ. ಒಳಗೆ ಕೂತೇ ಹೇಳುತ್ತಿದ್ದೆ: ಈಗ ಜೋಳ ಬೀಳುತ್ತಿದೆ, ಈಗ ಗೋಧಿ, ಈಗ ಯಾರೋ ಸರಿಯಾಗಿ ಒಣಗಿಸದ ಸಜ್ಜೆ ತಂದಿದ್ದಾರೆ ಎಂದು. ನಾನು ಹೇಳುತ್ತಿರುವುದು ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಕರೆಂಟು ಯಾವಾಗ ಬರುತ್ತದೋ ಆಗ ಗಿರಣಿ. ಕರೆಂಟು ಹೋದರೆ ಊರೆಲ್ಲ ಬೈಯುತ್ತಿತ್ತು. ನಾನೊಬ್ಬಳು ಒಳಗೊಳಗೇ ಖುಷಿಪಡುತ್ತಿದ್ದೆ. ಕಲ್ಲು ಸುತ್ತುವುದು ನಿಧಾನವಾಗಿ, ಒಂದು ಸಲ ನರಳಿ ನಿಲ್ಲುತ್ತಿತ್ತು. ಆಮೇಲೆ ಬೀದಿಯ ಸದ್ದುಗಳು ಒಂದೊಂದಾಗಿ ಮನೆಯೊಳಗೆ ಬರುತ್ತಿದ್ದವು. ಸೈಕಲ್ ಗಂಟೆ, ಕೋಳಿ, ಪಕ್ಕದ ಮನೆಯ ಗೌರಕ್ಕ ರೊಟ್ಟಿ ಬಡಿಯುವುದು. ಆ ಹೊತ್ತು ನನ್ನದು ಎನಿಸುತ್ತಿತ್ತು.

ಎಡಗಿವಿಯನ್ನು ಈ ಸದ್ದು ಹಿಡಿದುಕೊಂಡ ಮೇಲೆ ನಾನು ಹೆದರಿದ್ದು ಆ ಹೊತ್ತಿಗೇ. ಗಿರಣಿ ಓಡುವಾಗ ಒಳಗಿನ ಸದ್ದು ಹೊರಗಿನದರಲ್ಲಿ ಕರಗುತ್ತಿತ್ತು. ಅದು ನಿಂತಿತೋ, ನೀರು ಇಳಿದ ಕೆರೆಯಲ್ಲಿ ಬಂಡೆ ಕಂಡ ಹಾಗೆ ನನ್ನದು ಎದ್ದು ನಿಲ್ಲುತ್ತಿತ್ತು. ಹಾಗಾಗಿ ಹಗಲೆಲ್ಲ ಗಿರಣಿಯಲ್ಲೇ ಹೋಗಿ ಕೂರತೊಡಗಿದೆ. ಡಬ್ಬಿ ಸಾಲಾಗಿ ಇಡುವುದು, ಹಿಟ್ಟು ತುಂಬಿ ಕೊಡುವುದು. ಯಜಮಾನರು ಬಂದವರಿಗೆಲ್ಲ, "ಪುಕ್ಕಟೆ ಆಳು ಸಿಕ್ಕೈತಿ ನೋಡ್ರಿ, ಊಟ ನಾವು ಹಾಕಬೇಕಿಲ್ಲ, ಆಕಿನs ನಮಗ ಹಾಕ್ತಾಳ," ಎಂದು ನಗಿಸುತ್ತಿದ್ದರು.

ನಮ್ಮ ಅತ್ತೆ ಬಾಗಿಲಲ್ಲಿ ನಿಂತು ನನ್ನ ತಲೆಯ ಮೇಲಿನ ಹಿಟ್ಟು ನೋಡಿ, "ಉಜ್ಜಿನಿಯಾಕಿ ನನಗಿಂತ ಮೊದಲs ಮುದುಕಿ ಆದ್ಲಲ್ಲೋ," ಎನ್ನುತ್ತಿದ್ದರು. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬಂದ ದಿನದಿಂದ ನಾನು ಉಜ್ಜಿನಿಯಾಕಿ. ಎದುರಿಗಿದ್ದರೂ ಉಜ್ಜಿನಿಯಾಕಿ, ಇಲ್ಲದಿದ್ದರೂ ಉಜ್ಜಿನಿಯಾಕಿ.

ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟದ್ದಾಯಿತು. ಊರಿನ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಮೇಣ ಕಟ್ಟಿರಬಹುದು ಎಂದು ಹನಿ ಔಷಧಿ ಬರೆದುಕೊಟ್ಟರು. "ಇದರಾಗ ಕಡಿಮಿ ಆಗದಿದ್ರ ತಡ ಮಾಡಬ್ಯಾಡ್ರಿ, ದಾವಣಗೆರೆಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸ್ರಿ," ಎಂದರು. ಹೋಗೋಣ ಎಂದುಕೊಂಡೆವು. ಹಬ್ಬ ಅಡ್ಡ ಬಂತು, ಗಿರಣಿಯ ಸವೆದ ಕಲ್ಲು ಕಟೆಸುವುದು ಬಂತು. ನಿದ್ದೆ ಇಲ್ಲದೆ ನಾನು ಒಣಗುತ್ತಿದ್ದೆ. ಅಷ್ಟರಲ್ಲಿ ಗೌರಕ್ಕ, "ಕೂಡ್ಲಿಗ್ಯಾಗ ಧ್ಯಾನದ ಶಿಬಿರ ಹಾಕ್ಯಾರಂತ, ತಲಿ ಹಗುರ ಆಗ್ತೈತಂತ, ನಡಿ ಹೋಗೂನು," ಎಂದಳು.

ಅಲ್ಲಿಂದ ಶುರುವಾಯಿತು.

ಕೂಡ್ಲಿಗಿಯ ಶಿಬಿರ ಒಂದು ಕಲ್ಯಾಣಮಂಟಪದಲ್ಲಿ. ಕಲಿಸುವವರು ನಿವೃತ್ತ ಡ್ರಿಲ್ ಮೇಷ್ಟ್ರು, ಬಿಳಿ ಪೈಜಾಮ, ಕೈಯಲ್ಲಿ ಮೈಕು. ಸಾಲಾಗಿ ಜಮಖಾನೆಯ ಮೇಲೆ ಕೂರಿಸಿ, ಬೆನ್ನು ನೆಟ್ಟಗೆ ಮಾಡಿಸಿ, ಉಸಿರನ್ನು ಜೋರಾಗಿ ಎಳೆದು ಬಿಡಿಸುತ್ತಿದ್ದರು. ಅಷ್ಟು ಜನ ಒಟ್ಟಿಗೆ ಬುಸುಗುಟ್ಟುವಾಗ ಗಿರಣಿಯಲ್ಲಿ ಕೂತ ಹಾಗೇ ಇತ್ತು. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಕೂತಿದ್ದ ಸಕ್ಕರೆ ಕಾಯಿಲೆಯ ಹೆಂಗಸು ತನ್ನ ಮೈ ಹಗುರಾಗಿದೆ ಎಂದಳು. ಗೌರಕ್ಕನಿಗೆ ಮಂಡಿನೋವು ಇಳಿಯಿತಂತೆ. ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು. ಅದೇ ಅವರ ಧ್ಯಾನ. ಮಂಟಪ ಗಪ್ಪಾದ ಕೂಡಲೇ ನನ್ನ ಕಿವಿಯಲ್ಲಿ ಸೀಟಿ ಊದಿದ ಹಾಗಾಯಿತು. ಅದುವರೆಗೆ ಗುಂಯ್ ಎನ್ನುತ್ತಿದ್ದದ್ದಕ್ಕೆ ಮೊನೆ ಬಂದಿತ್ತು.

ಮುಗಿದ ಮೇಲೆ ಹೋಗಿ, "ಸರ್, ಸುಮ್ಮನ ಕುಂತಾಗ ಕಿವ್ಯಾಗಿನ ಸದ್ದು ಜಾಸ್ತಿ ಆಗ್ತೈತ್ರಿ," ಎಂದೆ.

"ಉಸಿರಿನ ಮ್ಯಾಲೆ ಲಕ್ಷ್ಯ ಇಡ್ರಿ, ಸದ್ದಿನ ಕಡಿ ಕೊಡಬ್ಯಾಡ್ರಿ."

"ಕೊಡದs ಇರಾಕ ಆಗವಲ್ದ್ರಿ."

"ನಿಮಗ ಸಂಶಯ ಐತಿ ಅಮ್ಮಾರ. ಸಂಶಯ ಇದ್ದವರಿಗೆ ಉಸಿರು ಕೆಲಸ ಮಾಡಾಂಗಿಲ್ಲ. ಪೂರ್ತಿ ನಂಬಿ ಮಾಡ್ರಿ," ಎಂದು ಮುಂದಿನವರ ಕಡೆ ತಿರುಗಿದರು.

ಮುಂದಿನವರದು ಬಿ.ಪಿ. ಅವರಿಗೂ ಅದನ್ನೇ ಹೇಳಿದರು. ಮೇಷ್ಟ್ರು ಮೋಸಗಾರರಲ್ಲ. ಅವರು ಎಲ್ಲೋ ಒಂದು ವಿದ್ಯೆ ಕಲಿತಿದ್ದರು, ಅದರಿಂದ ಅವರ ದಮ್ಮು ವಾಸಿಯಾಗಿತ್ತಂತೆ, ಆ ಒಂದನ್ನು ಎಲ್ಲರಿಗೂ ಹಂಚುತ್ತಿದ್ದರು. ಆಗದಿದ್ದರೆ ತಪ್ಪು ವಿದ್ಯೆಯದಲ್ಲ, ನಮ್ಮದು. ಸಂಶಯ ಬಿಡಬೇಕೆಂದು ಮನೆಯಲ್ಲಿ ಹಟ ಹಿಡಿದು ಮಾಡಿದೆ. ಮಾಡಿದಷ್ಟೂ ಸೀಟಿ ಚೂಪಾಯಿತು.

ಆಮೇಲೆ ಹರಪನಹಳ್ಳಿ. ಅಲ್ಲಿ ಒಬ್ಬರು ಗುರುಗಳಿದ್ದಾರೆ, ಒಳಗಿನ ಸದ್ದು ಕೇಳುವುದನ್ನೇ ಕಲಿಸುತ್ತಾರೆ ಎಂದು ಅತ್ತೆಯ ತವರಿನವರು ಯಾರೋ ಹೇಳಿದರು. ಅತ್ತೆಯೇ ಹೊರಟು ನಿಂತರು. ಬೇವಿನ ಮರದ ಕೆಳಗೆ ಹಂಚಿನ ಮನೆ, ಒಳಗೆ ತಣ್ಣಗಿನ ನೆಲ, ಗೋಡೆಗೆ ಒರಗಿ ಕಣ್ಣು ಮುಚ್ಚಿದ ಶಿಷ್ಯರು. ಗುರುಗಳು ನಿಜವಾಗಿಯೂ ಓದಿದವರು. ಸಂಸ್ಕೃತ, ವಚನ ಎರಡೂ ನಾಲಿಗೆಯ ತುದಿಯಲ್ಲಿ. ದನಿ ಎಂಥದ್ದೆಂದರೆ ಅವರು ಮಾತಾಡುವಷ್ಟು ಹೊತ್ತು ನನ್ನ ಎದೆ ತಣ್ಣಗಿರುತ್ತಿತ್ತು.

"ಏನು ಕೇಳಿಸ್ತದ ತಾಯೀ? ಶಂಖವೋ, ಗಂಟೆಯೋ, ವೀಣೆಯೋ, ದುಂಬಿಯೋ?"

ನನಗೆ ಕೇಳಿಸುತ್ತಿದ್ದದ್ದು ಗಿರಣಿ. ಅವರು ಹೇಳಿದ್ದರಲ್ಲಿ ಗಿರಣಿ ಇರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅತ್ತೆ, "ದುಂಬಿರಿ ಅಪ್ಪಾರ! ಗುಂಯ್ ಅಂತೈತಿ ಅಂತ ಆಕಿನs ಹೇಳ್ಯಾಳ. ದುಂಬಿನs," ಎಂದರು.

ಗುರುಗಳು ಗೋಡೆಗೆ ಒರಗಿದ್ದವರನ್ನು ಕರೆದು, "ನೋಡ್ರಪಾ, ನೀವು ವರ್ಷಗಟ್ಟಲೆ ಕುಂತೀರಿ. ಈ ತಾಯಿಗೆ ಹಿಟ್ಟಿನ ಗಿರಣ್ಯಾಗ ನಾದ ಒಲದೈತಿ," ಎಂದರು. ಶಿಷ್ಯರು ನನ್ನನ್ನು ನೋಡಿದ ನೋಟದಲ್ಲಿ ಭಕ್ತಿಗಿಂತ ಹೊಟ್ಟೆಕಿಚ್ಚು ಜಾಸ್ತಿ ಇತ್ತು.

ಕಿವಿಯನ್ನು ಹೆಬ್ಬೆರಳಿಂದ ಮುಚ್ಚಿ, ಉಳಿದ ಬೆರಳು ಕಣ್ಣಿನ ಮೇಲೆ ಇಟ್ಟುಕೊಂಡು ಸದ್ದಿನ ಒಳಗೆ ಹೋಗಬೇಕು, ಇದು ಅವರ ಪದ್ಧತಿ. ಜೊತೆಗೆ ಒಂದು ಮಾತು ಹೇಳಿದರು: ಎಣ್ಣೆ, ಔಷಧಿ ಏನನ್ನೂ ಕಿವಿಗೆ ಹಾಕಬಾರದು, ಯಾರಿಗೂ ತೋರಿಸಬಾರದು, ತೆರೆದ ಬಾಗಿಲು ಮುಚ್ಚಿಹೋಗುತ್ತದೆ. ಬಸ್ಸಿನಲ್ಲಿ ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಊರು ಮುಟ್ಟುವ ಹೊತ್ತಿಗೆ, "ಯವ್ವಾ, ಹುಷಾರಾಗಿ ಇಳಿಯವ್ವಾ," ಎಂದರು.

ಯವ್ವಾ! ಉಜ್ಜಿನಿಯಾಕಿ ಹೋಗಿ ಯವ್ವಾ ಆದೆ. ದಾವಣಗೆರೆಯ ಮಾತು ಅಲ್ಲಿಗೆ ಮುಗಿಯಿತು.

ಕೂಡ್ಲಿಗಿಯವರು ಸದ್ದನ್ನು ಮುಳುಗಿಸು ಎಂದಿದ್ದರು. ಹರಪನಹಳ್ಳಿಯವರು ಸದ್ದಿನಲ್ಲಿ ಮುಳುಗು ಎಂದರು. ನಾನು ಮುಳುಗಿದೆ. ಬೆಳಗ್ಗೆ ಕಲ್ಲುಸಕ್ಕರೆ ಹಾಕಿದ ಹಾಲು ತಂದು ಕೊಟ್ಟು, ಬಾಗಿಲು ಮುಂದೆ ಮಾಡಿ, ಅತ್ತೆ ಹೊರಗೆ ಕಾವಲು ಕೂರುತ್ತಿದ್ದರು. ರೊಟ್ಟಿ ತಾವೇ ಬಡಿಯುತ್ತಿದ್ದರು. ಬೀದಿಯ ಹೆಂಗಸರು ಬರತೊಡಗಿದರು. ಮೊದಮೊದಲು ನಮಸ್ಕಾರ ಮಾಡಿ ಹೋಗುವುದು, ಆಮೇಲೆ ಕೇಳುವುದು. ಕೇಳುವುದೆಂದರೆ ನನ್ನ ಕಿವಿಗೆ ತಮ್ಮ ಕಿವಿ ಹಚ್ಚಿ ಕೇಳುವುದು.

"ಏನಾರ ಕೇಳ್ತೇನಬೇ?"

"ಏನೋ ಗುಸುಗುಸು ಅಂದಂಗಾತು."

"ಅದು ನಿನ್ನ ಓಲೆ ಒರಸಿದ್ದು. ಸರಿ ಅತ್ತಾಗ, ನಾ ಕೇಳ್ತೀನಿ."

ಒಬ್ಬಾಕೆ ಮಗಳ ಗಂಡನ ಕುಡಿತ ಯಾವಾಗ ಬಿಡುತ್ತದೆ ಎಂದು ನನ್ನ ಕಿವಿಯೊಳಗೇ ಬಾಯಿಟ್ಟು ಕೇಳಿದಳು, ಟೆಲಿಫೋನಿನಲ್ಲಿ ಕೇಳಿದ ಹಾಗೆ. ಗೀತಾ ಸಿಟ್ಟಿಗೆದ್ದು, "ಟ್ರಂಕ್ ಕಾಲ್ ಲೈನ್ ಸಿಗಾಕತ್ತಿಲ್ಲ, ನಾಳಿ ಬರ್ರಿ," ಎಂದು ಎಲ್ಲರನ್ನೂ ಎಬ್ಬಿಸಿ ಕಳಿಸಿದಳು. ಅವಳು ಆಗ ಪಿ.ಯು.ಸಿ. ಅಜ್ಜಿಗೂ ಮೊಮ್ಮಗಳಿಗೂ ಅವತ್ತು ದೊಡ್ಡ ಜಗಳ.

ಆ ತಿಂಗಳುಗಳಲ್ಲಿ ನನ್ನಿಂದ ಏನೇನೋ ಜಾರುತ್ತಿತ್ತು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಗೌರಕ್ಕನ ರೊಟ್ಟಿ ಬಡಿಯುವ ಸದ್ದು ಎಷ್ಟು ದಿನದಿಂದ ಕೇಳಿಲ್ಲ ಎಂಬುದು ನೆನಪಿಗೇ ಬರಲಿಲ್ಲ. ತಲೆ ಸುತ್ತಿ ಬಚ್ಚಲಲ್ಲಿ ಬಿದ್ದೆ. ಯಾರಾದರೂ ಕೂಗಿ ನಾನು ಓಗೊಡದಿದ್ದರೆ ಅತ್ತೆ ಬಾಯಿಗೆ ಬೆರಳಿಟ್ಟು, "ಕರೀಬ್ಯಾಡ್ರಿ, ಒಳಗ ಅದಾಳ," ಎನ್ನುತ್ತಿದ್ದರಂತೆ. ಕಿವುಡಿಗೆ ನಮ್ಮ ಮನೆಯಲ್ಲಿ ಸಮಾಧಿ ಎಂದು ಹೆಸರಾಗಿತ್ತು. ಗುರುಗಳಿಗೆ ಹೇಳಿದೆವು. "ಅನುಗ್ರಹ ಬಂದಾಗ ಶರೀರ ತಡಕೊಳ್ಳಾಕ ಒದ್ದಾಡ್ತದ. ಹೆದರಬ್ಯಾಡ ತಾಯೀ," ಎಂದರು. ಅವರು ಪ್ರತಿ ಸಲವೂ ಏನು ಕೇಳಿಸುತ್ತಿದೆ ಎಂದು ವಿಚಾರಿಸಿದರು. ಏನು ಕೇಳಿಸುತ್ತಿಲ್ಲ ಎಂದು ಒಂದು ಸಲವೂ ವಿಚಾರಿಸಲಿಲ್ಲ.

ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋದದ್ದು ಗೀತಾ. ಅವಳ ಗೆಳತಿಯ ತಾಯಿ ಸುಜಾತಾ ಬ್ಯಾಂಕಿನಲ್ಲಿ ಕ್ಲಾರ್ಕು. ಅವರ ಮನೆಯವರು ಬೌದ್ಧರು; ಭಾನುವಾರ ಕೆಲವರು ಅವರ ಮನೆಯ ಪಡಸಾಲೆಯಲ್ಲಿ ಸೇರಿ ಉಸಿರು ನೋಡುತ್ತಾ ಕೂರುತ್ತಿದ್ದರು. ಅತ್ತೆಗೆ ಗೆಳತಿಯ ಮನೆಗೆ ಊಟಕ್ಕೆ ಎಂದಷ್ಟೇ ಹೇಳಿದ್ದೆವು. ಮೈಕಿಲ್ಲ, ಬೇವಿನ ಮರವಿಲ್ಲ. ಒಂದು ಚಾಪೆ, ಕಿಟಕಿಯಲ್ಲಿ ಒಣಗಲು ಹಾಕಿದ ಶಾಲೆಯ ಯೂನಿಫಾರಂ. ಮೂಗಿನ ತುದಿಯಲ್ಲಿ ಉಸಿರು ಬರುವುದು ಹೋಗುವುದನ್ನು ನೋಡಬೇಕು, ಸದ್ದು ಬಂದರೆ ಬಂತು ಎನ್ನಬೇಕು, ಒಳ್ಳೆಯದು ಕೆಟ್ಟದ್ದು ಎನ್ನಬಾರದು. ಸುಜಾತಾ ಹೇಳಿದ್ದು ಇಷ್ಟೇ.

ಕಣ್ಣು ಮುಚ್ಚಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಯಾರೋ ಮಂಡಿ ಮುಟ್ಟಿದರು. ಕಣ್ಣು ತೆರೆದರೆ ಎಲ್ಲರೂ ಎದ್ದು ಚಹಾ ಕುಡಿಯುತ್ತಿದ್ದಾರೆ. ಸುಜಾತಾ ನನ್ನ ಎಡಕ್ಕೆ ಕೂತಿದ್ದಳು.

"ಅಕ್ಕಾ, ಅವಾಗಿಂದ ಕರದೆ. ಕೇಳಲಿಲ್ಲೇನ್ರಿ?"

"ಧ್ಯಾನದಾಗ ಇದ್ದೆ ಕಾಣ್ತೈತವ್ವಾ."

ಅವಳು ಎದ್ದು ನನ್ನ ಬಲಕ್ಕೆ ಬಂದು ಕೂತು, ಅದೇ ದನಿಯಲ್ಲಿ, "ಚಹಾ ಕುಡೀತೀರಿ?" ಎಂದಳು. ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅಕ್ಕಾ, ನಾ ಗುರು ಅಲ್ಲ. ನನಗ ಗೊತ್ತಿರೋದು ಕುಂದ್ರೋದು ಒಂದs. ಇದು ಡಾಕ್ಟರ್ ಕೆಲಸ. ಮೊದಲು ಅಲ್ಲಿಗೆ ಹೋಗಿ ಬರ್ರಿ, ಆಮ್ಯಾಲೆ ಬೇಕಾದ್ರ ಇಲ್ಲಿಗೆ ಬರ್ರಿ."

ನನ್ನ ವಿದ್ಯೆ ಇಲ್ಲಿಗೆ ಮುಗಿಯಿತು ಎಂದು ಹೇಳಿದವಳು ಅವಳೊಬ್ಬಳೇ.

ದಾವಣಗೆರೆಯ ಆಸ್ಪತ್ರೆಯ ಹೊರಗಿನ ಬೆಂಚು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಬಣ್ಣ, ಒಂದು ಕಡೆ ಕಾಲು ಗಿಡ್ಡ. ಯಾರಾದರೂ ಎದ್ದರೆ ಉಳಿದವರೆಲ್ಲ ಒಂದು ಸಲ ತೂಗುತ್ತಿದ್ದೆವು. ಯಜಮಾನರು ಚೀಟಿ ಮಾಡಿಸಲು ಹೋಗಿದ್ದರು. ನರ್ಸು ಹೆಸರು ಕರೆದದ್ದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಬುರ್ಖಾದ ಅಜ್ಜಿ ಮೊಣಕೈಯಿಂದ ತಿವಿದು, "ನೀಲಮ್ಮ ಅಂದ್ರ ನೀವೇನ್ರಿ? ಮೂರ್ ಸಲ ಕರದ್ರು. ಇಲ್ಲಿ ಎಲ್ಲಾರೂ ಕಿವುಡರs, ಆದ್ರೂ ನೋಡ್ರಿ, ಹೊರಗ ನಿಂತು ಬಾಯಿಲೇ ಕರೀತಾರ," ಎಂದು ನಕ್ಕಳು. ನನಗೂ ನಗು ಬಂತು. ಆ ದಿನದ ನಗು ಅದೊಂದೇ.

ಪರೀಕ್ಷೆಯ ಕೋಣೆ ಪೆಟ್ಟಿಗೆಯಂತಿತ್ತು. ಗೋಡೆಗೆಲ್ಲ ಮೆತ್ತೆ. ದಪ್ಪ ಬಾಗಿಲು ಹಾಕಿಕೊಂಡರೆ ಲೋಕದ ಒಂದು ಸದ್ದೂ ಒಳಗೆ ಬರುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದರು. ಗುರುಗಳೂ ಮೇಷ್ಟ್ರೂ ಹುಡುಕಿಕೊಡಲಾಗದಿದ್ದ ನಿಶ್ಶಬ್ದ ಅದು. ಅದರ ನಡುವೆ ನನ್ನ ಗಿರಣಿ ಎಂಥ ಅಬ್ಬರದಿಂದ ಓಡಿತೆಂದರೆ ನಾನು ಗುಂಡಿ ಒತ್ತಿದೆ. ಒತ್ತಿದೆ, ಒತ್ತುತ್ತಲೇ ಇದ್ದೆ. ಗಾಜಿನ ಆಚೆ ಕೂತಿದ್ದ ಹುಡುಗಿ ಬಾಗಿಲು ತೆಗೆದು, "ಅಮ್ಮಾ, ನಾನು ಇನ್ನೂ ಸೌಂಡೇ ಕೊಟ್ಟಿಲ್ಲ, ಯಾಕೆ ಒತ್ತುತ್ತಿದ್ದೀರಿ?" ಎಂದಳು. ಅವಳು ಕೊಟ್ಟದ್ದು ಯಾವುದು, ನನ್ನದು ಯಾವುದು ಎಂದು ಎಡಗಿವಿಯಲ್ಲಿ ಕೊನೆಯವರೆಗೂ ಗೊತ್ತಾಗಲಿಲ್ಲ.

ಡಾಕ್ಟರು ವಯಸ್ಸಾದವರು, ಮೆತ್ತಗಿನ ಮಾತು. ಎಡಗಿವಿಯ ನರ ಸತ್ತಿದೆ ಎಂದರು. ಗಿರಣಿಯ ಸದ್ದು ಮೊದಲಿನಿಂದ ತಿಂದಿರಬಹುದು, ಆಮೇಲೆ ಒಮ್ಮೆಲೇ ಪೆಟ್ಟು ಬಿದ್ದಿರಬಹುದು. ಬಲಗಿವಿಯಲ್ಲೂ ಸ್ವಲ್ಪ ಹೋಗಿದೆ.

"ಶುರುವಾದ ಹೊಸದರಲ್ಲೇ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು. ಬರುತ್ತಿತ್ತು ಅಂತ ಹೇಳಲ್ಲ. ನೋಡಬಹುದಿತ್ತು," ಎಂದರು.

"ಸದ್ದರ ಹೋಗ್ತೈತೇನ್ರಿ?" ಎಂದು ಯಜಮಾನರು ಕೇಳಿದರು.

"ಹೋಗಲ್ಲ. ಅಭ್ಯಾಸ ಆಗಬೇಕು. ಬಲಗಿವಿ ಉಳಿಸಿಕೊಳ್ಳಬೇಕು ಅಂದರೆ ಇನ್ನು ಮೇಲೆ ಗಿರಣಿಯಲ್ಲಿ ಕೂರಬಾರದು."

ಸತ್ತ ಕಿವಿಯಲ್ಲಿ ಸದ್ದು ಹೇಗೆ ಬರುತ್ತದೆ ಎಂದು ನಾನು ಕೇಳಿದೆ. ಅವರು ಏನೋ ವಿವರಿಸಿದರು. ನನಗೆ ಅರ್ಥವಾದದ್ದು, ಮನೆಯವರು ಊರು ಬಿಟ್ಟು ಹೋದ ಮೇಲೂ ಆ ಮನೆಯಲ್ಲಿ ರೇಡಿಯೋ ಹಾಡುತ್ತಿದೆ, ಆರಿಸುವವರಿಲ್ಲ ಎಂಬುದಷ್ಟೇ. ಗಿರಣಿಯಲ್ಲಿ ಕೂರಬಾರದು ಎಂದದ್ದು ಮಾತ್ರ ಎದೆಗೆ ನಾಟಿತು. ನನಗೆ ಉಳಿದಿದ್ದ ಒಂದೇ ಮರೆ ಅದು.

ಬಸ್ಸಿನಲ್ಲಿ ಯಜಮಾನರು ಏನು ಆಡಿದರೂ ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ ಎಂದು ಅವರಿಗೆ ಹೊಳೆದಿರಬೇಕು. ನನ್ನನ್ನು ಕಿಟಕಿಯ ಪಕ್ಕ ಕೂರಿಸಿದ್ದವರು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಎದ್ದು ಜಾಗ ಬದಲಿಸಿದರು, ನನ್ನ ಬಲಕ್ಕೆ ಬಂದು ಕೂತರು. ಅಂದಿನಿಂದ ಅವರು ಎಲ್ಲೇ ಆಗಲಿ ನನ್ನ ಬಲಕ್ಕೇ ಕೂರುವುದು, ಬಲಕ್ಕೇ ನಡೆಯುವುದು. ಒಂದು ದಿನವೂ ಮರೆತಿಲ್ಲ. ಮನೆಗೆ ಬಂದವರೇ, "ಗಿರಣಿ ಮಾರಿಬಿಡ್ತೀನಿ," ಎಂದರು.

"ಮಾರಿ ಏನ್ ತಿಂತೀರಿ?"

"ಮಣ್ಣು ತಿಂತೀನಿ."

ಮಾರಲಿಲ್ಲ. ನಡುವಿನ ಗೋಡೆಯ ಕಿಟಕಿಗೆ ಇಟ್ಟಿಗೆ ಕಟ್ಟಿಸಿದರು. ಅಡುಗೆಮನೆಯನ್ನು ಹಿತ್ತಲ ಕಡೆಗೆ ಸರಿಸಿದರು.

ಅತ್ತೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಯಜಮಾನರು ನಿಂತಲ್ಲೇ, "ನಾದ ಅಲ್ಲ ಅದು, ರೋಗ. ಕಿವಿ ಹೋಗೈತಿ ಅವ್ವಾ. ಮೊದಲs ಹೋಗಿದ್ರ ಉಳೀತಿತ್ತೋ ಏನೋ," ಎಂದರು. ಅತ್ತೆ ಹಾಲಿನ ಲೋಟ ಹಿಡಿದಿದ್ದರು. ಅದನ್ನು ಕೆಳಗಿಟ್ಟು, ಸೆರಗಿನಿಂದ ಲೋಟದ ಅಂಚು ಒರೆಸಿ, ಮತ್ತೆ ಎತ್ತಿಕೊಂಡರು.

"ಡಾಕ್ಟರಿಗೇನ್ ಗೊತ್ತು. ಕಿವಿ ಹೋಗಿಲ್ಲ. ಹೊರಗಿನ ಬಾಗಲ ಹಾಕೈತಿ, ಒಳಗಿಂದು ತಗದೈತಿ."

"ಅಜ್ಜೀ, ಸುಮ್ಮನಿರು ಸಾಕು," ಎಂದು ಗೀತಾ ಕಿರುಚಿದಳು.

ಅತ್ತೆ ಲೋಟ ಹಿಡಿದು ಒಳಗೆ ಹೋದರು. ಹಾಲು ನಿಂತಿತು, ಬೀದಿಯ ಹೆಂಗಸರು ಬರುವುದು ನಿಂತಿತು. ಉಜ್ಜಿನಿಯಾಕಿ ಎಂದು ಮತ್ತೆ ಕರೆಯಲಿಲ್ಲ, ಯವ್ವಾ ಎಂದೂ ಕರೆಯಲಿಲ್ಲ. ಏನಾದರೂ ಬೇಕಿದ್ದರೆ ಎದುರಿಗೆ ಬಂದು ನಿಲ್ಲುತ್ತಿದ್ದರು, ಅಷ್ಟೇ. ಅವರಿಗೆ ನನ್ನ ಮೇಲೆ ಸಿಟ್ಟೋ, ತಮ್ಮ ಮೇಲೆ ಸಿಟ್ಟೋ, ಮನೆಗೆ ಬಂದ ದೇವರು ರೋಗವಾಯಿತೆಂದು ದುಃಖವೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಸುಜಾತಾಳ ಮನೆಗೆ ಆಮೇಲೂ ಹೋದೆ, ಈಗಲೂ ಹೋಗುತ್ತೇನೆ. ಅವಳು ಕಲಿಸಿದ್ದರಿಂದ ಕೆಲವು ದಿನ ಸದ್ದು ಕಿಟಕಿಯ ಆಚೆಗೆ ನಿಂತ ಹಾಗಿರುತ್ತದೆ. ಕೆಲವು ದಿನ ಉಸಿರು ನೋಡಲು ಕೂತರೆ ಉಸಿರೇ ಕಾಣುವುದಿಲ್ಲ, ಗಿರಣಿ ಒಂದೇ. ಹಾಗೆಂದು ಹೇಳಿದರೆ ಅವಳು, "ಹಂಗಾರ ಇವತ್ತು ಬ್ಯಾಡ ಬಿಡ್ರಿ ಅಕ್ಕಾ, ಬರ್ರಿ ಅವರೆಕಾಯಿ ಸುಲಿಯೂನು," ಎನ್ನುತ್ತಾಳೆ. ಯಾವ ಧ್ಯಾನ ಮೇಲು ಎಂದು ನನ್ನನ್ನು ಈಗ ಜನ ಕೇಳುತ್ತಾರೆ, ಎಲ್ಲ ಕಡೆ ತಿರುಗಿ ಬಂದವಳಲ್ಲವೇ ಎಂದು. ನನಗೆ ಗೊತ್ತಿಲ್ಲ. ಜೋರಾಗಿ ಉಸಿರು ಬಿಡುವುದರಿಂದ ಗೌರಕ್ಕನ ಮಂಡಿ ಇವತ್ತಿಗೂ ಚೆನ್ನಾಗಿದೆ. ಕಲಿಸುವವರನ್ನು ಅಳೆಯಲು ಮಾತ್ರ ನನ್ನ ಹತ್ತಿರ ಒಂದು ಸೇರು ಇದೆ: ಆಗಲಿಲ್ಲ ಎಂದು ಹೋಗಿ ಹೇಳಿ, ಅವರು ಏನು ಹೇಳುತ್ತಾರೆ ನೋಡಿ.

ಬೆಳಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂರುತ್ತೇನೆ. ಇದು ಉಜ್ಜಿನಿಯಲ್ಲಿ ನಮ್ಮವ್ವ ಚಿಕ್ಕಂದಿನಲ್ಲೇ ಕಲಿಸಿದ್ದು. ಅವಳು ಅದಕ್ಕೆ ಧ್ಯಾನ ಎನ್ನುತ್ತಿರಲಿಲ್ಲ, ಪೂಜೆ ಎನ್ನುತ್ತಿದ್ದಳು. ಕಣ್ಣು ಮುಚ್ಚಬೇಕಿಲ್ಲ, ಮನೆ ಗಪ್ಪಾಗಿರಬೇಕಿಲ್ಲ, ಕಿವಿಗೆ ಅದರಲ್ಲಿ ಕೆಲಸವಿಲ್ಲ. ಗುಣವಾಗಲಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೇಳಿದರೆ ಅಳು ಬರುತ್ತದೆ, ಅತ್ತರೆ ಕಿವಿ ಜೋರಾಗುತ್ತದೆ. ಬಲಗಿವಿ ಇಷ್ಟಿಷ್ಟೇ ಹೋಗುತ್ತಿದೆ. ಗೀತಾಳ ಮಕ್ಕಳ ಮಾತು ಕೇಳುವಷ್ಟು ದಿನ ಇದ್ದರೆ ಸಾಕು ಎಂದುಕೊಂಡಿದ್ದೆ. ಅವಳ ಮಗ ಈಗ ಅಜ್ಜಿ ಎನ್ನಲು ಕಲಿತಿದ್ದಾನೆ. ಬಾಯಿ ನೋಡಿ ತಿಳಿದುಕೊಳ್ಳುತ್ತೇನೆ.

ಅತ್ತೆಗೆ ಲಕ್ವ ಹೊಡೆದದ್ದು ಬಲಗಿವಿ ಇನ್ನೂ ತಕ್ಕಮಟ್ಟಿಗೆ ಕೇಳುತ್ತಿದ್ದ ಕಾಲದಲ್ಲಿ. ಒಂದು ಕಡೆಯ ಕೈಕಾಲು ಬಿದ್ದುಹೋಗಿ ಮಾತು ತೊದಲಾಗಿತ್ತು. ನಾನೇ ಮೈ ಒರೆಸುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿ ನರಳಿ ನಿಂತದ್ದು ನೆಲದಲ್ಲಿ ಕಾಲಿಗೆ ತಿಳಿಯಿತು. ಗಂಜಿಯ ಬಟ್ಟಲು ತೆಗೆದಿಡಲು ಬಗ್ಗಿದಾಗ ಅತ್ತೆ ಆಡುವ ಕೈಯಿಂದ ನನ್ನ ಕತ್ತು ಹಿಡಿದುಕೊಂಡರು. ಬಿದ್ದವರ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನಾನು ತಿಳಿದಿರಲಿಲ್ಲ. ನನ್ನನ್ನು ತಮ್ಮ ಮುಖದ ಹತ್ತಿರಕ್ಕೆ ಎಳೆದುಕೊಂಡು, ಎಡಗಿವಿಗೆ ಬಾಯಿ ಹಚ್ಚಿದರು.

ಅವರ ಲೆಕ್ಕದಲ್ಲಿ ತೆರೆದಿದ್ದ ಬಾಗಿಲು ಅದೇ.

ತಲೆ ತಿರುಗಿಸಿ ಬಲಗಿವಿ ಕೊಡೋಣವೆಂದರೆ ಕೈ ಬಿಡಲಿಲ್ಲ. ಅವರು ಏನೋ ಹೇಳುತ್ತಿದ್ದರು, ಬಲಗಿವಿಯವರೆಗೆ ಬರುವಷ್ಟು ದನಿ ಇರಲಿಲ್ಲ. ತುಟಿ ಓಲೆಗೆ ತಾಗಿ ತಾಗಿ ಬಿಡುತ್ತಿತ್ತು. ಬಿಸಿ ಉಸಿರು ಬಂತು, ನಿಂತಿತು, ಮತ್ತೆ ಬಂತು. ಬಹಳ ಹೊತ್ತು ಹೇಳಿದರು. ನನ್ನನ್ನು ಕರೆದೇ ಶುರುಮಾಡಿರಬೇಕು. ಉಜ್ಜಿನಿಯಾಕಿ ಎಂದರೋ ಯವ್ವಾ ಎಂದರೋ. ತಪ್ಪಾಯಿತು ಎಂದರೋ, ಅಥವಾ ಆ ಬೀದಿಯ ಹೆಂಗಸರ ಹಾಗೆ ತಮ್ಮ ಸಾವು ಯಾವಾಗ ಎಂದು ನಾದವನ್ನೇ ಕೇಳಿದರೋ. ಆಮೇಲೆ ಕೈ ಸಡಿಲಿಸಿ ನನ್ನ ಮುಖ ನೋಡಿ, "ಕೇಳ್ತೇನು?" ಎಂದರು. ಅದಕ್ಕೂ ದನಿ ಇರಲಿಲ್ಲ, ಬಾಯಿ ನೋಡಿ ತಿಳಿದೆ.

"ಕೇಳ್ತು ಅತ್ತಿ," ಎಂದೆ.

ಕಣ್ಣು ಮುಚ್ಚಿದರು. ಮತ್ತೆ ಮಾತಾಡಲಿಲ್ಲ, ಆ ವಾರವೇ ತೀರಿಕೊಂಡರು.

ಉಸಿರಿನ ಮೇಲೆ ಲಕ್ಷ್ಯ ಇಡು ಎಂದು ಕೂಡ್ಲಿಗಿಯಲ್ಲೂ ಹೇಳಿದ್ದರು, ಹಗರಿಬೊಮ್ಮನಹಳ್ಳಿಯಲ್ಲೂ ಹೇಳಿದ್ದರು. ಲಕ್ಷ್ಯ ಅತ್ತ ಇತ್ತ ಹೋಗದಂತೆ ನಾನು ಇಟ್ಟದ್ದು ಅವತ್ತು ಒಂದೇ ದಿನ, ಅತ್ತೆಯ ಉಸಿರಿನ ಮೇಲೆ. ಆ ಉಸಿರಿನ ತುಂಬ ಮಾತಿತ್ತು. ನನಗೆ ಕೇಳಿಸಿದ್ದು ಬಂದಾದ ಗಿರಣಿ.